ಸೈಕಾಲಜಿ ಡಿಗ್ರಿ: ಓದಿದ್ದು ಪರೀಕ್ಷೆಯಲ್ಲಿ ಕೈಕೊಡದಿರಲು

ಮೊದಲ ಇಂಟರ್ನಲ್ ಟೆಸ್ಟಿನ ಪೇಪರ್ ಹಂಚಿದ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬರಾದರೂ ಬಂದು ನಿಲ್ಲುತ್ತಾರೆ. ಎರಡು ವರ್ಷದ ಹಿಂದೆ ಹಾಗೆ ಬಂದ ಹುಡುಗಿ ಪಠ್ಯಪುಸ್ತಕವನ್ನೂ ಹಿಡಿದುಕೊಂಡೇ ಬಂದಿದ್ದಳು. ನೆನಪಿನ ಅಧ್ಯಾಯ ತೆಗೆದು ತೋರಿಸಿದಳು. ಪುಟಗಳೆಲ್ಲ ಹಳದಿ, ಹೈಲೈಟರ್ ಎಳೆಯದ ಸಾಲನ್ನು ಹುಡುಕಬೇಕಿತ್ತು. "ಮೇಡಂ, ಮೂರು ಸಲ ಓದಿದ್ದೆ. ಓದುವಾಗ ಎಲ್ಲ ಅರ್ಥ ಆಗ್ತಿತ್ತು. ಪ್ರಶ್ನೆ ನೋಡಿದಾಗ್ಲೂ ಗೊತ್ತಿದೆ ಅನ್ನಿಸ್ತು. ಬರೆಯೋಕೆ ಹೋದ್ರೆ ನಾಲ್ಕು ಸಾಲಿಗೇ ಮುಗಿದೋಯ್ತು." ಇಪ್ಪತ್ತಕ್ಕೆ ಏಳು ಬಂದಿತ್ತು. ಅವಳೇನೂ ಸೋಮಾರಿಯಲ್ಲ. ಅವಳಿಗೆ ಆದದ್ದೇನು ಎಂಬುದರ ವಿವರಣೆ ಅದೇ ಹಳದಿ ಪುಟಗಳಲ್ಲಿತ್ತು. ಅದನ್ನು ಪರೀಕ್ಷೆಗೆ ಬರುವ ಪಾಠ ಎಂದು ಓದಿದ್ದಳೇ ಹೊರತು, ತನ್ನ ಓದಿಗೇ ಅನ್ವಯಿಸುವ ಮಾತು ಎಂದು ಓದಿರಲಿಲ್ಲ.

ಗುರುತು ಹಿಡಿಯುವುದು ಬೇರೆ, ನೆನಪಿನಿಂದ ಎತ್ತಿ ತರುವುದು ಬೇರೆ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದವರ ಮುಖ ಚೆನ್ನಾಗಿ ಪರಿಚಯ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ, ಅಲ್ಲವೇ? ಓದಿದ ಪುಟವನ್ನೇ ಮತ್ತೆ ಓದಿದಾಗ ಆಗುವುದು ಈ ಮುಖಪರಿಚಯ. ಪರೀಕ್ಷೆ ಕೇಳುವುದು ಹೆಸರನ್ನು. ಸೈಕಾಲಜಿಯಲ್ಲಿ ಈ ತೊಡಕು ಇನ್ನೂ ಹೆಚ್ಚು. ಕೆಮಿಸ್ಟ್ರಿ ಓದುವವರಿಗೆ ತಮಗೆ ಗೊತ್ತಿಲ್ಲ ಎಂಬುದು ಮೊದಲ ಪುಟದಲ್ಲೇ ತಿಳಿದುಹೋಗುತ್ತದೆ. ನಮ್ಮ ವಿಷಯದಲ್ಲಿ ಕೋಪ, ಭಯ, ಕನಸು, ಬುದ್ಧಿ, ಮರೆವು ಎಲ್ಲ ಮನೆಮಾತು. ಹಾಗಾಗಿ ಗೊತ್ತಿಲ್ಲದ್ದೂ ಗೊತ್ತಿದೆ ಅನ್ನಿಸುತ್ತದೆ. ಪಿಯುಸಿಯಲ್ಲಿ ಸೈಕಾಲಜಿ ಓದಿ ಬಂದವರು ಮೊದಲ ಸೆಮಿಸ್ಟರಿನಲ್ಲಿ ಹಿಂದೆ ಬಿದ್ದದ್ದನ್ನೂ ಹೊಸದಾಗಿ ಸೇರಿದವರು ಮುಂದೆ ಹೋದದ್ದನ್ನೂ ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಇತಿಹಾಸ ಇಲ್ಲಿ ಎರಡು ಮಾತಿನಷ್ಟು ಸಾಕು. ವಿಲ್ಹೆಲ್ಮ್ ವುಂಟ್ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ಮೇಲೆ ಮನಸ್ಸಿನ ವಿಚಾರವನ್ನು ಊಹಿಸುವುದಕ್ಕಿಂತ ಅಳೆದು ನೋಡುವ ಪದ್ಧತಿ ಬೇರೂರಿತು. ಅದು ನಮ್ಮ ನಾಡಿಗೆ ಬಂದು ನೂರು ವರ್ಷ ದಾಟಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದು 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ರ‍್ಯಾಂಕ್ ಕೋರಿಲೇಷನ್ ಲೆಕ್ಕ ಮಾಡುವಾಗ ಸೂತ್ರದ ಪಕ್ಕದಲ್ಲಿ ಸ್ಪಿಯರ್‌ಮನ್ ಹೆಸರು ಕಂಡರೆ ಅದು ದೂರದ ಹೆಸರು ಅಂದುಕೊಳ್ಳಬೇಡಿ.

ಇನ್ನು ಓದುವ ಕ್ರಮ.

1. ಪುಸ್ತಕ ಮುಚ್ಚಿ ಬರೆಯಿರಿ

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಉಳಿದವರು ಹಾಳೆ ಮುಚ್ಚಿಟ್ಟು ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಪರೀಕ್ಷಿಸಿದರೆ ಲೆಕ್ಕ ತಿರುಗಿತು, ಮುಚ್ಚಿ ಬರೆದವರು ಸ್ಪಷ್ಟವಾಗಿ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಧೈರ್ಯ ಬರುವುದೂ, ಆ ಧೈರ್ಯ ಮೋಸ ಮಾಡುವುದೂ ಇದೇ ಕಾರಣಕ್ಕೆ. ಮನಸ್ಸು ಹುಡುಕಾಡಿ ತಂದದ್ದು ಗಟ್ಟಿಯಾಗುತ್ತದೆ. ಕಣ್ಣೆದುರೇ ಇರುವುದನ್ನು ಹುಡುಕುವ ಶ್ರಮವನ್ನು ಅದು ತೆಗೆದುಕೊಳ್ಳುವುದಿಲ್ಲ.

ಹೀಗೆ ಮಾಡಿ. ಐದಾರು ಪುಟದ ಒಂದು ಭಾಗ ಓದಿ. ಪುಸ್ತಕ ಮುಚ್ಚಿ. ರಫ್ ಹಾಳೆಯಲ್ಲಿ ಹತ್ತು ನಿಮಿಷ ಬರೆಯಿರಿ; ಅಕ್ಷರ, ಕ್ರಮ, ವ್ಯಾಕರಣದ ಚಿಂತೆ ಬೇಡ. ಆಮೇಲೆ ಪುಸ್ತಕ ತೆಗೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮರುದಿನ ಮತ್ತೆ ಓದಬೇಕಾದದ್ದು ಆ ಕೆಂಪನ್ನು ಮಾತ್ರ. ಮೊದಲ ವಾರ ಬಹಳ ಕಷ್ಟವಾಗುತ್ತದೆ, 'ನನ್ನ ತಲೆಗೆ ಏನೂ ಹತ್ತಿಲ್ಲ' ಅನ್ನಿಸುತ್ತದೆ. ಆ ಹಂತದಲ್ಲೇ ತುಂಬಾ ಜನ ಹೈಲೈಟರಿಗೆ ವಾಪಸಾಗುತ್ತಾರೆ. ನೀವು ಹಾಗೆ ಮಾಡಬೇಡಿ.

2. ಮರೆಯಲು ಬಿಟ್ಟು ಮತ್ತೆ ಹಿಡಿಯಿರಿ

ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಃಶಾಸ್ತ್ರಜ್ಞ ತನ್ನನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ಮರೆವನ್ನು ಅಳೆದು 1885ರಲ್ಲಿ ಪುಸ್ತಕ ಬರೆದ. ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಕೈಬಿಟ್ಟಿತ್ತು. ಆಮೇಲೆ ಮರೆವಿನ ಓಟ ನಿಧಾನವಾಯಿತು. ತಿಂಗಳ ನಂತರವೂ ಸುಮಾರು ಐದನೇ ಒಂದು ಭಾಗ ಉಳಿದಿತ್ತು. ಅಂದರೆ ಮರೆವಿನ ದೊಡ್ಡ ಹೊಡೆತ ಬೀಳುವುದು ಮೊದಲ ದಿನವೇ. ಕ್ಲಾಸಿನಲ್ಲಿ ಕೇಳಿದ ಪಾಠವನ್ನು ಅದೇ ಸಂಜೆ ಹತ್ತು ನಿಮಿಷ, ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ಮುಚ್ಚಿ ಬರೆದರೆ ಒಟ್ಟು ಹಿಡಿಯುವ ಹೊತ್ತು ಒಂದು ಗಂಟೆ ದಾಟುವುದಿಲ್ಲ. ದಿನಾಂಕಗಳನ್ನು ಅಧ್ಯಾಯದ ಮೊದಲ ಪುಟದ ಮೂಲೆಯಲ್ಲೇ ಬರೆದಿಡಿ.

3. ಪದಗಳಿಗೊಂದು ನೋಟ್‌ಬುಕ್ ಇಡಿ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ತೀರಾ ಮುಖ್ಯ. ಇಂಗ್ಲಿಷ್ ಪಠ್ಯ ಎದುರಿಗೆ ಬಂದಾಗ ಪದವನ್ನು ಬಾಯಿಪಾಠ ಮಾಡಿ ಅರ್ಥವನ್ನು ಆಮೇಲೆ ನೋಡಿದರಾಯಿತು ಎಂದು ಮುಂದೂಡುತ್ತೀರಿ. ಆ 'ಆಮೇಲೆ' ಬರುವುದೇ ಇಲ್ಲ. ಇಂಗ್ಲಿಷ್ ಮಾಧ್ಯಮದವರೂ ಬೀಗಬೇಕಿಲ್ಲ. ಪದ ಉಚ್ಚರಿಸಲು ಬರುತ್ತದೆ ಎಂದ ಮಾತ್ರಕ್ಕೆ ಅರ್ಥ ಗೊತ್ತಿದೆ ಎಂದಲ್ಲ.

ಒಂದು ಉದಾಹರಣೆ. ನಮ್ಮ ಮಾತಿನಲ್ಲಿ 'ಭ್ರಮೆ' ಎಂಬ ಒಂದೇ ಪದಕ್ಕೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಮಬ್ಬುಗತ್ತಲಲ್ಲಿ ಹಿತ್ತಲಲ್ಲಿ ಬಿದ್ದ ಹಗ್ಗ ಹಾವಾಗಿ ಕಂಡರೆ ಅದು ಇಲ್ಯೂಷನ್. ಅಲ್ಲಿ ವಸ್ತುವಿದೆ, ಗ್ರಹಿಕೆ ತಪ್ಪಿದೆ, ಯಾರಿಗೂ ಆಗಬಹುದು. ಹಗ್ಗವೂ ಇಲ್ಲದ ಬರಿ ನೆಲದ ಮೇಲೆ ಹಾವು ಕಂಡರೆ ಹ್ಯಾಲ್ಯುಸಿನೇಷನ್. 'ಪಕ್ಕದ ಮನೆಯವರು ನನ್ನ ಮೇಲೆ ಹಾವು ಬಿಡಲು ಹೊಂಚು ಹಾಕಿದ್ದಾರೆ' ಎಂದು, ಯಾರು ಎಷ್ಟು ಪುರಾವೆ ತೋರಿಸಿದರೂ ಜಗ್ಗದೆ ನಂಬಿಕೊಂಡರೆ ಡೆಲ್ಯೂಷನ್. ಮೊದಲ ಎರಡು ಗ್ರಹಿಕೆಗೆ ಸೇರಿದವು, ಮೂರನೆಯದು ನಂಬಿಕೆಗೆ. ಅದೇ ಹಗ್ಗ, ಅದೇ ಹಾವು ಇಟ್ಟುಕೊಂಡು ಮೂರನ್ನೂ ಬಿಡಿಸಿದರೆ ಇನ್ನು ಮೂರು ವರ್ಷ ಮರೆಯುವುದಿಲ್ಲ. ಹಗ್ಗ-ಹಾವಿನ ದೃಷ್ಟಾಂತ ನಮ್ಮ ಹಿರಿಯರು ವೇದಾಂತ ಹೇಳಲು ಬಳಸಿದ್ದು. ಸೈಕಾಲಜಿ ಕ್ಲಾಸಿನಲ್ಲೂ ಇದರಷ್ಟು ಒದಗುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ನೋಟ್‌ಬುಕ್ಕಿನ ಪ್ರತಿ ಪದಕ್ಕೂ ಮೂರು ಸಾಲು ಬೇಕು: ಪಠ್ಯದ ವ್ಯಾಖ್ಯೆ, ನಿಮ್ಮ ಅಜ್ಜಿಗೆ ಹೇಳುವಂತೆ ಕನ್ನಡದ ಒಂದು ವಾಕ್ಯ, ಮನೆಯಲ್ಲೋ ಬೀದಿಯಲ್ಲೋ ಕಂಡ ಒಂದು ಉದಾಹರಣೆ. ಕನ್ನಡದಲ್ಲೇ ಓದಿ ತಿಳಿಯಬೇಕು ಅನ್ನಿಸಿದರೆ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಲೈಬ್ರರಿಗಳಲ್ಲಿ ಸಿಗುತ್ತವೆ. ಡಾ. ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಇವು ಪರೀಕ್ಷೆಗೆ ಬರೆದ ಪುಸ್ತಕಗಳಲ್ಲ, ಆದರೆ ಮನಸ್ಸಿನ ವಿಚಾರವನ್ನು ಕನ್ನಡದಲ್ಲಿ ಹೇಳುವುದು ಹೇಗೆಂದು ತೋರಿಸುತ್ತವೆ.

4. ಪ್ರಾಕ್ಟಿಕಲ್ ಅನ್ನು ಮೊದಲು ಮಾಡಿ, ಆಮೇಲೆ ಅಧ್ಯಾಯ ಓದಿ

ನಮ್ಮ ಲ್ಯಾಬಿನಲ್ಲಿ ಮಿರರ್ ಡ್ರಾಯಿಂಗ್ ಉಪಕರಣವಿದೆ. ಹಲಗೆಯ ಮೇಲೆ ನಕ್ಷತ್ರದ ಚಿತ್ರ, ನೇರವಾಗಿ ಕಾಣದಂತೆ ಅಡ್ಡ ಒಂದು ತಗಡು, ಎದುರಿಗೆ ಕನ್ನಡಿ. ಕನ್ನಡಿಯಲ್ಲಿ ನೋಡಿಕೊಂಡೇ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೊದಲ ಸಲ ಕೂತವರೆಲ್ಲ ಮೂಲೆಗೆ ಬಂದು ಸಿಕ್ಕಿಕೊಳ್ಳುತ್ತಾರೆ. ಕೈ ಮುಂದೆ ಹೋಗಬೇಕಾದಲ್ಲಿ ಹಿಂದೆ ಬರುತ್ತದೆ, ಪೆನ್ಸಿಲ್ ಗೆರೆ ದಾಟಿ ಅಂಚಿಗೆ ಹೋಗುತ್ತದೆ, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದವರು ತಪ್ಪು ಎಣಿಸುತ್ತಿರುತ್ತಾರೆ. ಹತ್ತನೆಯ ಸಲಕ್ಕೆ ಕೈ ತಾನಾಗಿಯೇ ದಾರಿ ಹಿಡಿಯುತ್ತದೆ. ಮೊದಲು ಎಡಗೈಯಲ್ಲಿ ಕೆಲವು ಸಲ ಮಾಡಿಸಿ, ನಡುವೆ ಬಲಗೈಗೆ ಮಾತ್ರ ಅಭ್ಯಾಸ ಕೊಟ್ಟು, ಮತ್ತೆ ಎಡಗೈಗೆ ಬಂದರೆ, ಆ ನಡುವೆ ಅಭ್ಯಾಸ ಮಾಡದ ಎಡಗೈಯೂ ಸುಧಾರಿಸಿರುತ್ತದೆ. ಇದನ್ನೇ ಬೈಲ್ಯಾಟರಲ್ ಟ್ರಾನ್ಸ್‌ಫರ್ ಅನ್ನುವುದು.

ಈಗ ನೆನಪಿನ ಅಧ್ಯಾಯಕ್ಕೆ ಬನ್ನಿ. ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಮಿದುಳಿನ ಎರಡೂ ಬದಿಯ ಹಿಪ್ಪೋಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದುಹಾಕಿದರು. ಆಮೇಲೆ ಹೊಸದೇನೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನ ಕೈಯಲ್ಲಿ ಇದೇ ಕನ್ನಡಿ-ನಕ್ಷತ್ರವನ್ನು ಮೂರು ದಿನ ಬರೆಸಿದರು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ತಾನು ಇದನ್ನು ಹಿಂದೆ ಮಾಡಿದ್ದೇನೆ ಎಂಬ ನೆನಪು ಮಾತ್ರ ಅವನಿಗಿರಲಿಲ್ಲ. ಕೈಯ ನೆನಪಿಗೂ ಘಟನೆಯ ನೆನಪಿಗೂ ಮಿದುಳಿನಲ್ಲಿ ದಾರಿ ಬೇರೆ ಬೇರೆ ಎಂಬುದು ಹೀಗೆ ತಿಳಿಯಿತು. ನಕ್ಷತ್ರದ ಮೂಲೆಯಲ್ಲಿ ಸಿಕ್ಕಿಕೊಂಡು ಒದ್ದಾಡಿದವರಿಗೆ ಈ ಪಾಠ ಹೇಳಿದಾಗ ತರಗತಿ ಗಪ್‌ಚಿಪ್ ಆಗುತ್ತದೆ. ಒಂದು ಪ್ರಾಕ್ಟಿಕಲ್ ಕಲಿಕೆ, ನೆನಪು, ಮಿದುಳು ಮೂರು ಅಧ್ಯಾಯಗಳನ್ನೂ ಒಟ್ಟಿಗೆ ಹೊಲಿದುಕೊಡುತ್ತದೆ.

ಮಿದುಳಿನ ಅಧ್ಯಾಯ ಎಂದರೆ ಆರ್ಟ್ಸ್‌ನಿಂದ ಬಂದವರಿಗೆ ಭಯ. ಭಾಗಗಳ ಪಟ್ಟಿ ಉರು ಹೊಡೆಯಬೇಡಿ. ಆ ಭಾಗಕ್ಕೆ ಪೆಟ್ಟಾದ ಒಬ್ಬ ಮನುಷ್ಯನನ್ನು ನೆನಪಿಡಿ: ಹಿಪ್ಪೋಕ್ಯಾಂಪಸ್‌ಗೆ ಹೆನ್ರಿ, ಮುಂಭಾಗದ ಹಾಲೆಗೆ 1848ರಲ್ಲಿ ಕಬ್ಬಿಣದ ಸಲಾಕೆ ತಲೆ ತೂರಿಹೋದ ಫಿನಿಯಸ್ ಗೇಜ್, ಮಾತಿನ ಕೇಂದ್ರಕ್ಕೆ, 'ಟ್ಯಾನ್' ಎಂಬ ಒಂದು ಸದ್ದಷ್ಟೇ ಉಳಿದಿದ್ದ, 1861ರಲ್ಲಿ ವೈದ್ಯ ಬ್ರೋಕಾ ಪರೀಕ್ಷಿಸಿದ ರೋಗಿ. ಬೆಂಗಳೂರಿಗೆ ಹೋಗುವ ಅವಕಾಶವಿದ್ದರೆ ನಿಮ್ಹಾನ್ಸ್‌ನ ಮಿದುಳು ವಸ್ತುಸಂಗ್ರಹಾಲಯ ನೋಡಿ ಬನ್ನಿ.

5. ಸ್ಟ್ಯಾಟಿಸ್ಟಿಕ್ಸ್ ಅನ್ನು ಐದೇ ಅಂಕಿಯಲ್ಲಿ ಕಲಿಯಿರಿ

'ಗಣಿತ ಬೇಡ ಅಂತಲೇ ಆರ್ಟ್ಸ್ ತಗೊಂಡೆ' ಅನ್ನುವವರು ಇಲ್ಲಿ ಕಂಗಾಲಾಗುತ್ತಾರೆ. ಸೂತ್ರದಿಂದ ಶುರು ಮಾಡುವುದರಿಂದ ಆಗುವ ತೊಂದರೆ ಇದು. ಹತ್ತು ಪದಗಳ ಪಟ್ಟಿ ಓದಿಸಿ ಎಷ್ಟು ನೆನಪಿದೆ ಎಂದು ಐದೈದು ಜನರ ಎರಡು ಗುಂಪುಗಳನ್ನು ಕೇಳಿದಿರಿ ಅಂದುಕೊಳ್ಳಿ. ಒಂದು ಗುಂಪಿನ ಅಂಕ 4, 4, 5, 6, 6. ಇನ್ನೊಂದರದ್ದು 1, 3, 5, 7, 9. ಎರಡರ ಸರಾಸರಿಯೂ 5. ಆದರೆ ಎರಡನೆಯ ಗುಂಪಿಗೆ ಪಾಠ ಮಾಡುವ ಮೇಷ್ಟ್ರ ಕಷ್ಟವೇ ಬೇರೆ! ಆ ಚದುರುವಿಕೆಯ ಅಳತೆಯೇ ಸ್ಟ್ಯಾಂಡರ್ಡ್ ಡೀವಿಯೇಷನ್. ಪ್ರತಿ ಅಂಕ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ, ವರ್ಗ ಮಾಡಿ, ಕೂಡಿಸಿ, ಐದರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಮೊದಲನೆಯದಕ್ಕೆ 0.89, ಎರಡನೆಯದಕ್ಕೆ 2.83 ಬರುತ್ತದೆ. ಕೈಯಲ್ಲಿ ನಾಲ್ಕು ಸಲ ಮಾಡಿದ ಮೇಲೆ ಸೂತ್ರ ನೋಡಿ. ಮಾಡಿದ್ದನ್ನೇ ಚಿಹ್ನೆಗಳಲ್ಲಿ ಬರೆದಿದ್ದಾರೆ ಎಂದು ಕಾಣುತ್ತದೆ.

6. ಉತ್ತರದಲ್ಲಿ ನಿಮ್ಮದೊಂದು ಉದಾಹರಣೆ ಇರಲಿ

ಹತ್ತು ಅಂಕದ ಉತ್ತರಕ್ಕೆ ವ್ಯಾಖ್ಯೆ, ಪ್ರಯೋಗ, ಚಿತ್ರ, ತತ್ವಗಳು, ಮಿತಿ ಇವೆಲ್ಲ ಎಲ್ಲರೂ ಬರೆಯುತ್ತಾರೆ. ಪಾವ್ಲೋವ್‌ನ ನಾಯಿಯ ಜತೆಗೆ, ಕುಕ್ಕರ್ ಸೀಟಿ ಕೇಳಿದೊಡನೆ ಬಾಯಲ್ಲಿ ನೀರೂರುವುದನ್ನು ಬರೆದು, ಅದರಲ್ಲಿ ಊಟ ಯಾವ ಪ್ರಚೋದನೆ, ಸೀಟಿ ಯಾವ ಪ್ರಚೋದನೆ ಎಂದು ಬಿಡಿಸಿ ತೋರಿಸಿದರೆ ಅರ್ಥವಾಗಿ ಬರೆದದ್ದು ಎಂದು ತಿದ್ದುವವರಿಗೆ ತಿಳಿಯುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಎಂದರೆ ಶಿಕ್ಷೆ ಎಂದು ಬರೆಯುವುದು. ಪ್ರತಿ ವರ್ಷ ಅರ್ಧ ತರಗತಿ ಇಲ್ಲಿ ಅಂಕ ಕಳೆದುಕೊಳ್ಳುತ್ತದೆ. ಬೆಳಿಗ್ಗೆ ಅಮ್ಮ 'ಏಳೋ, ಏಳೋ' ಎಂದು ಕೂಗುತ್ತಲೇ ಇರುತ್ತಾರೆ. ಎದ್ದು ಕೂತ ಕೂಡಲೇ ಕೂಗು ನಿಲ್ಲುತ್ತದೆ. ಕಿರಿಕಿರಿ ತಪ್ಪಿತಲ್ಲ ಎಂದು ನಾಳೆಯೂ ಬೇಗ ಏಳುತ್ತೀರಿ. ಏಳುವ ವರ್ತನೆ ಹೆಚ್ಚಾಯಿತು, ಆದ್ದರಿಂದ ಅದು ರೀಇನ್‌ಫೋರ್ಸ್‌ಮೆಂಟ್. ಶಿಕ್ಷೆಯಿಂದ ವರ್ತನೆ ಕಡಿಮೆಯಾಗುತ್ತದೆ. ವರ್ತನೆ ಏರಿತೋ ಇಳಿಯಿತೋ ಎಂದು ಮೊದಲು ಕೇಳಿಕೊಳ್ಳಿ, ಹೆಸರು ಆಮೇಲೆ ಇಡಿ.

ಸೀನಿಯರ್ ರೆಕಾರ್ಡಿನಿಂದ ಅಂಕಿಗಳನ್ನು ನಕಲು ಮಾಡುವುದು. ಇದರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ನಿಮ್ಮ ಪ್ರಯೋಗದಲ್ಲಿ ಎಡಗೈ ಸುಧಾರಿಸದೇ ಹೋದರೆ ಹಾಗೆಯೇ ಬರೆಯಿರಿ. ಏಕೆ ಹಾಗಾಯಿತು, ಪ್ರಯೋಗಕ್ಕೆ ಕೂತವರು ದಣಿದಿದ್ದರೇ, ನಡುವೆ ಫೋನ್ ಬಂತೇ, ಮೊದಲೇ ಅಭ್ಯಾಸವಿತ್ತೇ ಎಂದು ಚರ್ಚಿಸಿ. ವೈವಾದಲ್ಲಿ ಆ ಚರ್ಚೆಗೆ ಅಂಕವಿದೆ. ನಕಲು ಮಾಡಿದ ಅಂಕಿಯ ಬಗ್ಗೆ ಎರಡನೇ ಪ್ರಶ್ನೆಗೇ ಬಾಯಿ ಕಟ್ಟುತ್ತದೆ.

ಹಳೆಯ ನೋಟ್ಸ್ ಕಣ್ಣು ಮುಚ್ಚಿ ನಂಬುವುದು. ರಾಜ್ಯದಲ್ಲಿ 2024-25ರಿಂದ ನಾಲ್ಕು ವರ್ಷದ ಆನರ್ಸ್ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದ್ದೇವೆ. ಸೀನಿಯರ್‌ಗಳ ಸಿಲಬಸ್ ನಿಮ್ಮದಾಗಿರದೇ ಇರಬಹುದು. ನೋಟ್ಸ್ ಜೆರಾಕ್ಸ್ ಮಾಡಿಸುವ ಮೊದಲು ತಾಳೆ ನೋಡಿ.

ಪುಸ್ತಕದಲ್ಲಿರುವ ಪ್ರತಿ ಪ್ರಯೋಗವನ್ನೂ ಕೊನೆಯ ಮಾತು ಎಂದು ತಿಳಿಯುವುದು. ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದ ದೊಡ್ಡ ತಂಡವೊಂದರ ವರದಿ 2015ರಲ್ಲಿ ಬಂತು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಗಣನೀಯ ಫಲಿತಾಂಶ ತೋರಿಸಿದ್ದವು. ಮತ್ತೆ ಮಾಡಿದಾಗ ಅದು ಶೇ 36ಕ್ಕೆ ಇಳಿಯಿತು. ಇದರಿಂದ ವಿಷಯದ ಮೇಲಿನ ಗೌರವ ಕಳೆದುಕೊಳ್ಳಬೇಕಿಲ್ಲ. ತನ್ನ ತಪ್ಪನ್ನು ತಾನೇ ಎಣಿಸಿ ಪ್ರಕಟಿಸುವ ಶಾಸ್ತ್ರವನ್ನು ನಾನು ಇನ್ನೂ ಹೆಚ್ಚು ನಂಬುತ್ತೇನೆ. ನಿಮ್ಮ ನೋಟ್ಸಿನಲ್ಲಿ ಪ್ರತಿ ಪ್ರಯೋಗದ ಪಕ್ಕ 'ಬೇರೆಯವರು ಮಾಡಿದಾಗಲೂ ಬಂತೇ?' ಎಂಬ ಕಾಲಂ ಒಂದು ಇರಲಿ.

ಎಚ್ಚರಿಕೆಗಳು

ಮನೋರೋಗಗಳ ಪೇಪರ್ ಶುರುವಾದ ತಿಂಗಳಲ್ಲೇ ತರಗತಿಯ ಅರ್ಧ ಜನಕ್ಕೆ ಎಲ್ಲ ಕಾಯಿಲೆಯೂ ತಮಗೇ ಇದೆ ಅನ್ನಿಸತೊಡಗುತ್ತದೆ. ಉಳಿದರ್ಧ ಜನ ರೂಮ್‌ಮೇಟ್‌ಗೆ, ಅತ್ತೆಗೆ, ಮಾವನಿಗೆ ಹೆಸರು ಹಚ್ಚತೊಡಗುತ್ತಾರೆ. ಎರಡೂ ಬೇಡ. ಒಂದು ದಿನದ ಬೇಸರವನ್ನು ಡಿಪ್ರೆಷನ್ ಅನ್ನುವುದಿಲ್ಲ. ರೋಗನಿರ್ಣಯಕ್ಕೆ ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ ಕನಿಷ್ಠ ಎರಡು ವಾರ, ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಇರಬೇಕು ಎಂದಿದೆ. ಅದನ್ನು ನಿರ್ಧರಿಸುವುದು ತರಬೇತಾದವರ ಕೆಲಸ. ಆದರೆ ಓದುತ್ತ ಓದುತ್ತ ಇದು ನಿಜವಾಗಿಯೂ ನನ್ನದೇ ಕಥೆ, ನಿದ್ದೆಯಿಲ್ಲ, ಬದುಕು ಬೇಡವಾಗಿದೆ ಅನ್ನಿಸಿದರೆ ಪುಸ್ತಕ ಮುಚ್ಚಿ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರಾಕ್ಟಿಕಲ್‌ಗೆಂದು ಗೆಳೆಯರಿಗೆ ಬುದ್ಧಿಮತ್ತೆ ಅಥವಾ ವ್ಯಕ್ತಿತ್ವದ ಪರೀಕ್ಷೆ ಕೊಟ್ಟಾಗ ಒಪ್ಪಿಗೆ ಕೇಳಿ. ಅಂಕವನ್ನು ಹಾಸ್ಟೆಲ್‌ನಲ್ಲಿ ಬಾಯಿಬಿಡಬೇಡಿ. ರೆಕಾರ್ಡಿನಲ್ಲಿ ಹೆಸರಿನ ಬದಲು ಮೊದಲಕ್ಷರ, ವಯಸ್ಸು ಸಾಕು. ಪರೀಕ್ಷೆ ಯಾರಿಗಾಗಿ ತಯಾರಾದದ್ದು ಎಂದೂ ನೋಡಿಕೊಳ್ಳಿ. ಬಿನೆಯ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಲು ವಿ. ವಿ. ಕಾಮತ್ ಧಾರವಾಡದಲ್ಲಿ ವರ್ಷಗಟ್ಟಲೆ ದುಡಿಯಬೇಕಾಯಿತು. ಫೋನಿನಲ್ಲಿ ಸಿಗುವ ಹತ್ತು ಪ್ರಶ್ನೆಯ ಪಟ್ಟಿ ಆ ಕೆಲಸ ಮಾಡುವುದಿಲ್ಲ.

ಕೊನೆಯದು, ತಂದೆತಾಯಿಯರೂ ಓದಬೇಕಾದದ್ದು. ಬಿಎ ಅಥವಾ ಬಿಎಸ್ಸಿ ಸೈಕಾಲಜಿ ಮುಗಿಸಿದವರು ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿ ಚಿಕಿತ್ಸೆ ಕೊಡುವಂತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಬೇಕು. ಡಿಗ್ರಿಯ ನಂತರ ಎಂಎ, ಎಂಎಸ್ಸಿ ಸೈಕಾಲಜಿ, ಎಂಎಸ್‌ಡಬ್ಲ್ಯೂ, ಬಿಎಡ್, ಎಚ್‌ಆರ್ ಎಂದು ದಾರಿಗಳು ಹಲವು. ಕೌನ್ಸೆಲಿಂಗ್ ಮಾಡುವ ಆಸೆಯಿದ್ದರೆ ಮೇಲ್ವಿಚಾರಕರ ಕೈಕೆಳಗೆ ಎಷ್ಟು ಗಂಟೆ ತರಬೇತಿ ಕೊಡುತ್ತಾರೆ ಎಂದು ಕಾಲೇಜನ್ನು ಕೇಳಿ. ದೂರಶಿಕ್ಷಣದಲ್ಲಿ ಮಾಡಿಕೊಂಡರಾಯಿತು ಎಂಬ ಲೆಕ್ಕಾಚಾರ ಈಗ ನಡೆಯುವುದಿಲ್ಲ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ವಿಧಾನದಲ್ಲಿ ಕೊಡುವಂತಿಲ್ಲ ಎಂದು ಯುಜಿಸಿ ಹೇಳಿದೆ. ಜಾಹೀರಾತು ನೋಡಿ ಫೀಸ್ ಕಟ್ಟುವ ಮೊದಲು ಯುಜಿಸಿಯ ಸುತ್ತೋಲೆಯನ್ನೂ, ಕ್ಲಿನಿಕಲ್ ಕೋರ್ಸ್ ಆದರೆ ಪುನರ್ವಸತಿ ಪರಿಷತ್ತಿನ ಆ ವರ್ಷದ ಮಾನ್ಯತೆಯ ಪಟ್ಟಿಯನ್ನೂ ತೆಗೆದು, ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಮಾನ್ಯತೆಯ ಅವಧಿ ಮೂರನ್ನೂ ನೀವೇ ಓದಿ ನೋಡಿ.